ಬಸಣ್ಣನನ್ನು ಕೂರಿಸಿಟ್ಟು ಠಾಣೆಗೆ ಹೋಗಿಬಂದದ್ದು

ಮೇ ತಿಂಗಳ ಒಂದು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಶೇರ್ ಆಟೊ ಹತ್ತಿ ಶೀಳ ರಸ್ತೆಯ ಕಡೆಗೆ ಹೊರಟೆ. ಮೂವತ್ತು ರೂಪಾಯಿ ಕೊಟ್ಟರೂ ಚಾಲಕನ ಪಕ್ಕ ಅರ್ಧ ಕುಂಡೆಗೆ ಮಾತ್ರ ಜಾಗ. ನನ್ನ ಮಾವನ ಹೋಟೆಲಿಗೆ ಅಕ್ಕಿ, ಈರುಳ್ಳಿ ಮೂಟೆ ಇಳಿಸುತ್ತಿದ್ದ ವಿಜಯಪುರ ಕಡೆಯ ಬಸಣ್ಣ ನಸುಕಿನಲ್ಲಿ ತೀರಿಕೊಂಡಿದ್ದ. "ನಿಂಗೆ ಮರಾಠಿ ಬರ್ತದೆ, ಬಾಯಿಯೂ ಉಂಟು. ಹೋಗಿ ಎಂತ ಬೇಕೋ ನೋಡು ಮಾರಾಯ" ಎಂದು ಮಾವ ನನ್ನನ್ನು ಅಟ್ಟಿದರು. ನನಗಿರುವ ವಿದ್ಯೆ ಒಂದೇ, ಕಂಡವರ ದನಿ ತೆಗೆದು ಅಣಕಿಸುವುದು. ಅದರಿಂದ ಈವರೆಗೆ ಬೈಗುಳ ಬಿಟ್ಟರೆ ಬೇರೇನೂ ಸಂಪಾದಿಸಿಲ್ಲ.

ಬಸಣ್ಣನಿದ್ದ ಆ ಊರಿನ ಹೆಸರು ಬರೆಯುವುದಿಲ್ಲ. ಅದು ಮೊದಲು ಗ್ರಾಮ ಪಂಚಾಯತಿ. ಆಮೇಲೆ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿಸಿದರು, ಬಿಡಿಸಿದರು, ಮತ್ತೆ ಸೇರಿಸಿದರು. ಈಗ ಮತ್ತೆ ಬಿಡಿಸಿದ್ದಾರೆ ಎಂದು ಕೆಲವರು, ಇಲ್ಲ, ನವಿ ಮುಂಬಯಿಗೆ ಕೊಟ್ಟಿದ್ದಾರೆ ಎಂದು ಇನ್ನು ಕೆಲವರು. ನಮ್ಮ ಬಿಲ್ಡಿಂಗಿನ ಬೆಕ್ಕು ಕೂಡ ಇಷ್ಟು ಮನೆ ಬದಲಾಯಿಸಿಲ್ಲ.

ಚಾಳಿನ ಖೋಲಿಯಲ್ಲಿ ಬಸಣ್ಣ ಗೋಡೆಗೊರಗಿ ಕುಳಿತಿದ್ದ. ಲಿಂಗಾಯತರು; ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆ ವಾಲದಂತೆ ಬಿಳಿ ಬಟ್ಟೆ ಕಟ್ಟಿದ್ದರು. ಸುತ್ತ ಇಟ್ಟ ಐಸು ಆಗಲೇ ಕರಗಿ ಹೊಸ್ತಿಲು ದಾಟುತ್ತಿತ್ತು.

"ತಮ್ಮಾ, ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು," ಎಂದಳು ಅವನ ಹೆಂಡತಿ ನೀಲಮ್ಮ. "ಈ ಸೆಕಿಯಾಗ ನಾಳಿ ತನಕ ಇಡಾಕ ಆಗೂದಿಲ್ಲ. ಊರಿಗೆ ಒಯ್ಯೂದಂತೂ ದೂರದ ಮಾತು."

ಕೆರೆಯ ಹಿಂದಿನ ಮೂಲೆಯಲ್ಲಿ ಇವರಿಗೆ ಹೂಳಲು ಜಾಗ ಕೊಟ್ಟದ್ದು ಪಂಚಾಯತಿ. ಆಗ ಸರಪಂಚಬಾಯಿ ಹೂಂ ಎಂದರೆ ಸಾಕಿತ್ತು. ಈಗ ಅಲ್ಲೊಂದು ಬೋರ್ಡು: ಒಪ್ಪಿಗೆಯಿಲ್ಲದೆ ಹೂಳಬಾರದು. ಯಾರ ಒಪ್ಪಿಗೆ ಎಂಬಲ್ಲಿ ಹಳೆಯ ಹೆಸರಿಗೆ ಬಣ್ಣ ಬಳಿದಿದ್ದಾರೆ, ಹೊಸದು ಬರೆದಿಲ್ಲ. ಹೋದ ವರ್ಷ ಕೇಳದೆ ಹೂತ ಒಬ್ಬ ಮುದುಕಿಯನ್ನು ಯಾರೋ ಬಂದು ತೆಗೆಸಿದ್ದರಂತೆ. ಹಾಗಾಗಿ ನಾನೂ ಬಸಣ್ಣನ ತಮ್ಮ ಮಲ್ಲಪ್ಪನೂ ಒಪ್ಪಿಗೆ ತರಲು ಹೊರಟೆವು.

ಪಾಲಿಕೆಯ ಡೊಂಬಿವಲಿ ಕಚೇರಿಯಲ್ಲಿ ಗುಮಾಸ್ತ ತಲೆ ಎತ್ತಲಿಲ್ಲ. "ಆ ಊರು ನಮ್ಮದಲ್ಲ."

"ಮನೆಪಟ್ಟಿ ತೆರಿಗೆಯ ವಸೂಲಿಗೆ ನೀವೇ ಬರ್ತೀರಲ್ಲ ಸಾಹೇಬ್?"

"ಅದು ಬೇರೆ. ಕಲ್ಯಾಣದ ಮುಖ್ಯ ಕಚೇರಿಗೆ ಹೋಗಿ."

ಟ್ರೇನಿನಲ್ಲಿ ಐದು ರೂಪಾಯಿಯ ದಾರಿ. ಕಲ್ಯಾಣದಲ್ಲಿ ಗೋಡೆಯ ಮೇಲೆ ದೊಡ್ಡ ನಕ್ಷೆ. ಅಲ್ಲಿದ್ದ ಮೇಡಂ ಎದ್ದು ಬಂದು ಆ ಊರನ್ನು ಹೆಬ್ಬೆರಳಿನಿಂದ ಪೂರ್ತಿ ಮುಚ್ಚಿ, "ಇದನ್ನು ಬಿಡಿಸಿ ಆಗಿದೆ. ಆದರೆ ಆಚೆಯವರಿಗೆ ಒಪ್ಪಿಸಿ ಆಗಿಲ್ಲ. ಸಾಹೇಬ್ ಜೇವಾಯಲಾ ಗೇಲೇತ್, ಬಸಾ" ಎಂದರು. ಊಟಕ್ಕೆ ಹೋದ ಸಾಹೇಬರಿಗಾಗಿ ಕೂತೆವು. ಅವರು ಬರಲಿಲ್ಲ. ನಾನು ಹೊರಗೆ ಹೋಗಿ ವಡಾಪಾವ್ ತಂದೆ. ಮಣ್ಣಾಗುವ ತನಕ ಮಲ್ಲಪ್ಪ ಹನಿ ನೀರೂ ಮುಟ್ಟುವವನಲ್ಲ. ಅವನ ಪಾಲಿನದನ್ನೂ ನಾನೇ ತಿಂದೆ. ಸಿಟ್ಟು ಬಂದರೆ ನನಗೆ ಹಸಿವೂ ಜಾಸ್ತಿ, ನಾಚಿಕೆ ಕಡಿಮೆ.

ಕೊನೆಗೆ ಮೇಡಂ ಹೇಳಿದಂತೆ ಮತ್ತೆ ಟ್ರೇನು ಹಿಡಿದು, ಠಾಣೆ ಪಟ್ಟಣದಲ್ಲಿ ಗ್ರಾಮೀಣ ಭಾಗದ ಕಚೇರಿ ಹುಡುಕಿ ಮೆಟ್ಟಿಲು ಹತ್ತಿದಾಗ ಬಿಸಿಲು ಇಳಿಮುಖವಾಗಿತ್ತು. ಎ.ಸಿ. ಕೋಣೆಯ ತರುಣ ಅಧಿಕಾರಿ ಬಹಳ ಸಭ್ಯ. "ನಮಗೆ ಬರುವ ಊರೇ, ಆದರೆ ಇನ್ನೂ ಬಂದಿಲ್ಲ. ನೀವು ನವಿ ಮುಂಬಯಿಯಲ್ಲಿ ಒಮ್ಮೆ ವಿಚಾರಿಸಿ. ಇಲ್ಲಿಂದ ನೇರ ಟ್ರೇನ್ ಇದೆ."

"ಸಾಹೇಬ್, ಮನೆಯಲ್ಲಿ ಬಸಣ್ಣ ಬೆಳಿಗ್ಗೆಯಿಂದ ಕೂತಿದ್ದಾನೆ!"

"ಹಾಗಾದರೆ ಅವರನ್ನೇ ಕರೆತನ್ನಿ. ಸಹಿ ಬೇಕಾಗುತ್ತದೆ."

"ಸತ್ತವನು ಅವನೇ!" ಎಂದು ನಾನು ಕಿರುಚಿದೆ. ಅಧಿಕಾರಿ ನೀರು ಕುಡಿದರು. ಆಮೇಲೆ ಅಷ್ಟೇ ಸಭ್ಯವಾಗಿ, "ಉದ್ಯಾ ಯಾ" ಎಂದರು. ನಾಳೆ ಬರಬೇಕಂತೆ! ಆ ಮೇಜನ್ನು ಮಗುಚಿ ಹಾಕುವಷ್ಟು ರೋಷ ಬಂತು. ಮಲ್ಲಪ್ಪ ನನ್ನ ಅಂಗಿ ಹಿಡಿದೆಳೆದ.

ನವಿ ಮುಂಬಯಿಯ ಟ್ರೇನನ್ನು ನಾವು ಹತ್ತಲಿಲ್ಲ. ಡೊಂಬಿವಲಿ ಲೋಕಲ್ಲಿನ ಬಾಗಿಲಲ್ಲಿ ನೇತಾಡಿಕೊಂಡು ವಾಪಸಾದೆವು. ಕಳವಾ ಸ್ಟೇಷನ್ ದಾಟಿದ ಮೇಲೆ ಮಲ್ಲಪ್ಪ ನನ್ನ ಕಿವಿಗೆ ಬಾಯಿಟ್ಟ. "ನೀ ಎಲ್ಲಾರ ದನಿ ತಗೀತಿ. ಯಾವನರ ಒಬ್ಬ ಸಾಹೇಬನ ದನ್ಯಾಗ ಫೋನ್ ಮಾಡಿ ಒಪ್ಪಿಗಿ ಕೊಟ್ಟಬಿಡಲ್ಲಾ."

"ಯಾರಿಗೆ ಮಾಡುದು ಕಾಕಾ? ಅದು ಗೊತ್ತಿದ್ದಿದ್ರೆ ಹೋಗಿ ಕಾಲೇ ಹಿಡೀತಿದ್ದೆ."

ಚಾಳಿಗೆ ಮರಳಿದಾಗ ನೀಲಮ್ಮ ನಮ್ಮ ಮುಖ ನೋಡಿಯೇ ಎದ್ದಳು. ಗುದ್ದಲಿ ಹಿಡಿದು ಕಾದಿದ್ದವರಿಗೆ, "ಅಗೀರಿ" ಎಂದಳು.

ಗುಂಡಿ ಎದೆಮಟ್ಟ ಆಗುವಾಗ ಮೋಟರ್‌ಸೈಕಲ್ಲಿನಲ್ಲಿ ಒಬ್ಬ ಬಂದ, ಕೊರಳಲ್ಲಿ ಯಾವುದೋ ಕಚೇರಿಯ ಗುರುತಿನ ಚೀಟಿ. "ನಿಲ್ಸಿ! ಯಾರ ಒಪ್ಪಿಗೆ?"

ಇಡೀ ದಿನ ನುಂಗಿದ್ದೆಲ್ಲ ಬಾಯಿಗೆ ಬಂತು. "ಬನ್ನಿ ಸಾಹೇಬ್, ನಿಮ್ಮನ್ನೇ ಹುಡುಕಿ ಸಾಕಾಯ್ತು! ಹಾಗಾದ್ರೆ ಈ ಜಾಗ ನಿಮ್ಮದು? ನಲ್ಲಿ ಬರದೆ ಎಷ್ಟು ತಿಂಗಳಾಯ್ತು, ಕೇಳಿ. ದಾರಿದೀಪ ಯಾವಾಗ ಹಾಕ್ತೀರಿ? ಈಗ ಮೊದಲು ಬಸಣ್ಣನ ಮಣ್ಣಿಗೆ ಒಪ್ಪಿಗೆ ಕೊಡಿ!" ಗುದ್ದಲಿಯವರೆಲ್ಲ ಗುಂಡಿ ಹತ್ತಿ ಬಂದು ಅವನ ಸುತ್ತ ನಿಂತರು.

ಅವನು ಬೋರ್ಡು ನೋಡಿದ, ಜನರನ್ನು ನೋಡಿದ. "ನಮ್ಮದು ಅಂತ ನಾನೆಲ್ಲಿ ಹೇಳಿದೆ?" ಎನ್ನುತ್ತ ಗಾಡಿ ತಿರುಗಿಸಿದ. "ನಮಗೆ ಸಂಬಂಧ ಇಲ್ಲ."

ಅವನ ಧೂಳು ಅಡಗುವ ಮೊದಲೇ ಬಸಣ್ಣನನ್ನು ತಂದರು. ಅಯ್ಯನವರು ಮಂತ್ರ ಹೇಳಿದರು. ಪತ್ರಿ, ವಿಭೂತಿ, ಆಮೇಲೆ ಮಣ್ಣು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅವನು ನೆಟ್ಟಗೆ ಕುಳಿತೇ ಒಳಗೆ ಹೋದ. ಸೂರ್ಯ ಮುಳುಗುತ್ತಿದ್ದ.

ಜನ ಚದುರಿದ ಮೇಲೆ ನಾನು ನೀಲಮ್ಮನಿಗೆ ಹೋಗಿಬರುತ್ತೇನೆ ಎಂದೆ.

"ತಮ್ಮಾ, ನಾಳಿ ಈ ಊರು ಮತ್ತ ಯಾರ ಪಾಲಿಗಾದ್ರೂ ಹೋದ್ರ, ಇವರನ್ನ ಹೊರಗ ತಗಸ್ತಾರೇನು?"

"ಇಲ್ಲ ಅಕ್ಕ" ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ತಿಳಿಯದು. ಆಕೆ ನಂಬಿದಂತೆ ಕಾಣಲಿಲ್ಲ. ಡೊಂಬಿವಲಿಯ ಆಟೊ ಬಂತು, ಹತ್ತಿ ತಿರುಗಿ ನೋಡಿದೆ. ಎಲ್ಲರೂ ಚಾಳಿನ ಕಡೆ ನಡೆಯುತ್ತಿದ್ದರು. ನೀಲಮ್ಮ ಒಬ್ಬಳೇ ಹಸಿಮಣ್ಣಿನ ಪಕ್ಕ ಚಾಪೆ ಹಾಸಿಕೊಂಡು, ರಸ್ತೆಗೆ ಮುಖ ಮಾಡಿ, ಕಾವಲಿಗೆ ಕೂತಿದ್ದಳು.