ಜೊತೆಗಿರುವವರ ಕಾಲಂ

ವೃದ್ಧಾಪ್ಯ ವೇತನದ ಕಚೇರಿಯ ವರಾಂಡದಲ್ಲಿ ಕೂತು ಅರ್ಜಿ ತುಂಬಿಕೊಡುವ ನನ್ನನ್ನು ಕಂಡರೆ ಎಲ್ಲರೂ ‘ಅರ್ಜಿ ತಾತ’ ಎಂದು ಕರೆಯುವ ಮುದುಕನಿಗೆ ಹೊಟ್ಟೆಯುರಿ. ನನಗೆ ಆ ವೇತನ ಬರುತ್ತದೆ, ಅವನಿಗೆ ಬರುವುದಿಲ್ಲ, ಅಷ್ಟೇ ಕಾರಣ. ನಾನು ಹೊಸ ಚಪ್ಪಲಿ ಮೆಟ್ಟಿದರೆ “ಸರ್ಕಾರದ ಅಳಿಯ ಬಂದ ನೋಡ್ರಪ್ಪಾ” ಎನ್ನುತ್ತಾನೆ. ಟೀ ಕುಡಿದರೆ ಲೋಟದೊಳಗೆ ಇಣುಕಿ ನಿಟ್ಟುಸಿರು ಬಿಡುತ್ತಾನೆ. ನಾನು ಕೆಮ್ಮಿದರೂ ಅವನ ಕಿವಿಗೆ ಅದು ವೇತನ ಬರುವವನ ಕೆಮ್ಮು. ಆರು ತಿಂಗಳಿಗೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬಂದು ನನ್ನ ಕೈಯಲ್ಲೇ ಹೊಸ ಅರ್ಜಿ ಬರೆಸುತ್ತಾನೆ. ‘ಜೊತೆಗೆ ವಾಸವಿರುವವರು’ ಎಂಬ ಕಾಲಂ ಬಂದರೆ ಸಾಕು, ಮುಖ ಊರಗಲ. “ಮಗ ಬರಿ, ಸೊಸೆ ಬರಿ, ದೊಡ್ಡ ಮೊಮ್ಮಗಳು ಬರಿ, ಚಿಕ್ಕವಳಿಗೆ ನಿನ್ನೆ ಹಲ್ಲು ಬಿತ್ತು, ಅದನ್ನೂ ಬರಿ!” ನನ್ನ ಅಕ್ಷರ ಯಾಕೋ ಅಲ್ಲೇ ಕೆಡುತ್ತದೆ. “ಮಗನ ಸಂಬಳ ಸೇರಿಸಿದರೆ ಅರ್ಜಿ ವಾಪಸ್ ಬರುತ್ತಯ್ಯಾ, ಒಬ್ಬನೇ ಇದ್ದೀನಿ ಅಂತ ಹಾಕ್ಲಾ?” ಎಂದರೆ ಪೆನ್ನು ಕಿತ್ತುಕೊಳ್ಳುತ್ತಾನೆ. “ಮನೆ ತುಂಬ ಜನ ಇಟ್ಕೊಂಡು ಒಬ್ಬನೇ ಅಂತೀಯಾ? ನಾಲಗೆ ಬಿದ್ದುಹೋಗುತ್ತೆ!” ಅರ್ಜಿ ವಾಪಸ್ ಬರುತ್ತದೆ. “ನಿನ್ನದು ಮಾತ್ರ ಮೊದಲ ಸಲಕ್ಕೇ ಹೇಗೆ ಪಾಸಾಯ್ತು?” ಎಂದು ಪ್ರತಿ ಸಲವೂ ಕಣ್ಣು ಕೆಂಪಗೆ ಮಾಡಿ ಕೇಳುತ್ತಾನೆ. ಆ ಕಾಲಂನಲ್ಲಿ ಒಂದು ಅಡ್ಡಗೆರೆ ಬಿಟ್ಟರೆ ಬರೆಯಲು ನನಗೆ ಏನೂ ಇರಲಿಲ್ಲ ಎಂದು ನಾನು ಈವರೆಗೆ ಹೇಳಿಲ್ಲ.