ಎರಡೂ ಕಡೆಯ ಟೀಚರಮ್ಮ

ನಾರ್ವೆಯ ಉತ್ತರ ಕರಾವಳಿಯ ಸ್ಟೂರ್‌ವೋಗ್‌ ಶಾಲೆಯಲ್ಲಿ ತರಬೇತಿಯೆಂಬ ಪ್ರಸಾದ ಹಂಚುವಾಗ ಮೊದಲ ಪಂಕ್ತಿ ಗಣಿತದವರದು, ಎರಡನೆಯದು ಇಂಗ್ಲಿಷಿನವರದು. ಸಮಾಜ ವಿಜ್ಞಾನದವರ ಪಾಲಿಗೆ ಬರುವುದು ಆಗಸ್ಟ್‌ ತಿಂಗಳ ಯೋಜನಾ ದಿನ ಮಾತ್ರ. ಅಂದು ಓಸ್ಲೋದಿಂದ ಯಾರಾದರೊಬ್ಬರು ವಿಮಾನದಲ್ಲಿ ಬಂದಿಳಿಯುತ್ತಾರೆ. ಬಣ್ಣದ ಅಂಟುಚೀಟಿ ಹಂಚಿ, ನಿಮ್ಮ ಕನಸಿನ ತರಗತಿಯನ್ನು ಒಂದೇ ಪದದಲ್ಲಿ ಬರೆಯಿರಿ ಎನ್ನುತ್ತಾರೆ. ಸಂಜೆಯ ವಿಮಾನಕ್ಕೆ ಹೊರಟುಬಿಡುತ್ತಾರೆ. ಸಮಾಜ ವಿಜ್ಞಾನದ ಟೀಚರು ಗುನ್ವೋರ್‌ ಪ್ರತಿ ವರ್ಷವೂ ಆ ಚೀಟಿಯ ಮೇಲೆ ‘ಶಾಂತಿ’ ಎಂದೇ ಬರೆಯುತ್ತಿದ್ದಳು.

ಶಾಂತಿ ಅವಳಿಗೆ ದಕ್ಕಿತ್ತು ಕೂಡ. ತೆರಿಗೆಯಿರಲಿ, ತೈಲವಿರಲಿ, ಬೋರ್ಡಿನ ನಡುವೆ ಒಂದು ಗೆರೆ ಎಳೆದು ಎಡಕ್ಕೆ ‘ಪರ’, ಬಲಕ್ಕೆ ‘ವಿರೋಧ’ ಎಂದು ಬರೆಯುವಳು. ಎರಡೂ ಕಡೆ ಅಂಶಗಳು ಸಮನಾಗಿರಬೇಕು. ಒಂದು ಕಡೆ ಕಡಿಮೆ ಬಿದ್ದರೆ ತಾನೇ ಒಂದನ್ನು ಹೊಸೆದು ಸೇರಿಸುವಳು. ಚುನಾವಣೆಯ ವರ್ಷ ಶಾಲೆಯಲ್ಲೂ ಮಕ್ಕಳ ಮತದಾನ ನಡೆಯುತ್ತದಲ್ಲ, ಆಗೆಲ್ಲ ಹತ್ತನೇ ತರಗತಿಯವರಿಗೆ ಪಕ್ಷಗಳ ಫಲಿತಾಂಶಕ್ಕಿಂತ ಗುನ್ವೋರಳ ಓಟು ಯಾರಿಗೆ ಎಂಬುದೇ ದೊಡ್ಡ ಪಂದ್ಯ. ಆ ಪಂದ್ಯದಲ್ಲಿ ಇಂದಿನವರೆಗೆ ಯಾರೂ ಗೆದ್ದಿಲ್ಲ. ಮೇಷ್ಟರಾದವರಿಗೆ ಇದು ಗುಣವೇ, ಅಲ್ಲವೆನ್ನುವುದಿಲ್ಲ. ಆದರೆ ಅವಳು ಈ ಗುಣವನ್ನು ಶಾಲೆಯ ಕೋಟಿನಂತೆ ಗೂಟಕ್ಕೆ ತೂಗುಹಾಕದೆ ಮನೆಗೂ ತೊಟ್ಟುಕೊಂಡೇ ಹೋಗುತ್ತಿದ್ದಳು.

ಊರ ನೆತ್ತಿಯ ಮೇಲಿನ ಗ್ರೋಹೈಯಾ ಬೆಟ್ಟದಲ್ಲಿ ಕರೆಂಟು ತೆಗೆಯುವ ಗಾಳಿಯಂತ್ರ ನೆಡುವ ಮಾತು ಬಂದಾಗ ಊರು ಎರಡು ಹೋಳಾಯಿತು. ಬೆಟ್ಟದ ಬಹುಪಾಲು ಅವಳ ತಮ್ಮ ಓಡ್‌ಗೈರ್‌ನದು. ಕುರಿ ಸಾಕುವವನು, ಚಳಿಗಾಲದಲ್ಲಿ ಕಾಡ್‌ ಮೀನು ಹಿಡಿಯಲು ಸಮುದ್ರಕ್ಕೆ ಹೋಗುವವನು. ಎರಡು ವಸಂತಗಳ ಹಿಂದೆ ಅವನು ಬೆಟ್ಟವನ್ನು ಗಾಳಿಯಂತ್ರದ ಕಂಪನಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿದ್ದ. ಅದೇ ಬೆಟ್ಟದಲ್ಲಿ, ಆ ಉತ್ತರ ನಾಡಿನ ಮೂಲನಿವಾಸಿಗಳಾದ ಸಾಮಿ ಜನರ ಕುಟುಂಬವೊಂದರ ಹಿಮಸಾರಂಗಗಳು ತಲೆಮಾರುಗಳಿಂದ ಮರಿ ಹಾಕುತ್ತ ಬಂದಿವೆ. ಗುನ್ವೋರಳ ಮನಸ್ಸು ಸಾರಂಗದವರ ಕಡೆಗಿತ್ತು, ಪೂರ್ತಿಯಾಗಿ. ಆದರೆ ಬಾಯಿಬಿಡಲಿಲ್ಲ. ಮದುವೆಯಾಗದ, ತಂದೆತಾಯಿ ತೀರಿಹೋದ ಅವಳಿಗೆ ತಮ್ಮನ ಮನೆಯ ಭಾನುವಾರದ ಊಟವೊಂದೇ ಕುಟುಂಬ. ಒಂದು ಮಾತಾಡಿದರೆ ಆ ಬಾಗಿಲು ಮುಚ್ಚೀತೆಂಬ ಭಯ ಅವಳಿಗೆ.

ಹೀಗಿರುವಾಗ ಮುಖ್ಯೋಪಾಧ್ಯಾಯ ಶೆಟಿಲ್‌ ಕಾಫಿ ಕೋಣೆಯಲ್ಲಿ ಅವಳನ್ನು ಹಿಡಿದ.

“ಈ ಸಲ ಸಮಾಜಕ್ಕೂ ಒಂದು ಸೀಟು ಬಂದಿದೆ ಗುನ್ವೋರ್‌. ಜಗಳದ ವಿಷಯ ಪಾಠ ಮಾಡೋದು ಹೇಗೆ ಅಂತ ಒಂದು ವರ್ಷದ ಕೋರ್ಸು. ಹೋಗ್ತೀಯಾ?”

“ನನ್ನ ಕ್ಲಾಸಲ್ಲಿ ಜಗಳಾನೇ ಆಗಲ್ವಲ್ಲ ಮಾರಾಯ.”

“ಅದಕ್ಕೇ ನಿನ್ನ ಕೇಳ್ತಿರೋದು,” ಎಂದ ಶೆಟಿಲ್‌.

ಹೋದಳು. ತಿಂಗಳಿಗೊಮ್ಮೆ ದೋಣಿ ಹತ್ತಿ ಬೂಡೆ ನಗರಕ್ಕೆ ಹೋಗಿ, ತನಗಿಂತ ಇಪ್ಪತ್ತು ವರ್ಷ ಚಿಕ್ಕವರ ನಡುವೆ ಕೂತು ಬರುವುದು ಮೊದಮೊದಲು ಮುಜುಗರ, ಆಮೇಲೆ ಹಿತ. ಅಲ್ಲಿ ಪಾಠ ಮಾಡುತ್ತಿದ್ದ ಐವಿಂಡ್‌ ಎಂಬ ಗಡ್ಡದವನು ಒಂದು ಕೆಲಸ ಕೊಟ್ಟ. ನಿಮ್ಮೂರಲ್ಲಿ ಬಿಸಿಯಾಗಿರುವ ಒಂದು ವಿವಾದವನ್ನು ತರಗತಿಯಲ್ಲಿ ಚರ್ಚೆಗಿಡಿ, ನಾನೇ ಬಂದು ನೋಡುತ್ತೇನೆ ಎಂದ.

ಗುನ್ವೋರ್‌ ಆರಿಸಿಕೊಂಡದ್ದು ಯಾವುದನ್ನು? ನಾರ್ವೆ ಯುರೋಪಿಯನ್‌ ಒಕ್ಕೂಟ ಸೇರಬೇಕೇ ಬೇಡವೇ! ಆ ಕರಾವಳಿಯಲ್ಲಿ ಬೆಕ್ಕುಗಳೂ ಬೇಡವೆನ್ನುತ್ತವೆ. ತರಗತಿಯಲ್ಲಿ ‘ಪರ’ವಾಗಿ ಮಾತಾಡಲು ಒಂದು ನರಪಿಳ್ಳೆಯೂ ಏಳಲಿಲ್ಲ. ಬೋರ್ಡಿನ ಎಡಭಾಗವನ್ನು ಅವಳೊಬ್ಬಳೇ ತುಂಬಿಸಿದಳು. ಐವಿಂಡ್‌ ಹಿಂದಿನ ಬೆಂಚಿನಲ್ಲಿ ಆಕಳಿಸುತ್ತ ಕೂತಿದ್ದ.

“ಇದು ಚರ್ಚೆ ಅಲ್ಲ ಗುನ್ವೋರ್‌, ಸಾಮೂಹಿಕ ಪ್ರಾರ್ಥನೆ,” ಎಂದ, ದೋಣಿಕಟ್ಟೆಗೆ ನಡೆಯುವಾಗ. ಬೆಟ್ಟದ ಕಡೆ ಗಲ್ಲ ಎತ್ತಿ, “ಆ ರಸ್ತೆ ಕೊರೀತಿದಾರಲ್ಲ, ಅದೇನು?”

“ಅದು... ಗಾಳಿಯಂತ್ರಕ್ಕೆ. ಇಲ್ಲಿ ಅದನ್ನ ಮಾತಾಡಲ್ಲ.”

“ಹಾಗಾದ್ರೆ ಚರ್ಚೆಗೆ ಅದೇ ವಿಷಯ. ಮುಂದಿನ ತಿಂಗಳು ಮತ್ತೆ ಬರ್ತೀನಿ.”

ಆ ತಿಂಗಳು ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಯಾಕೆಂದರೆ ಆ ತರಗತಿಯಲ್ಲಿ ಓಡ್‌ಗೈರ್‌ನ ಮಗಳು ಟೂವಾ ಇದ್ದಳು, ಸಾರಂಗದ ಮನೆಯ ರಾವ್ನಾ ಇದ್ದಳು. ಚಿಕ್ಕಂದಿನಲ್ಲಿ ಒಂದೇ ಜಾರುಬಂಡಿಯಲ್ಲಿ ಬೀಳುತ್ತಿದ್ದವರು ಈಗ ಕೋಣೆಯ ಎರಡು ಮೂಲೆ ಹಿಡಿದಿದ್ದರು. ಗುನ್ವೋರ್‌ ಕೊನೆಗೆ ಕೋರ್ಸಿನಲ್ಲಿ ಕಲಿತ ಒಂದು ನಿಯಮ ಹಾಕಿದಳು. ಯಾರೂ ತಮ್ಮ ಮನೆಯ ಪಕ್ಷ ಹಿಡಿಯುವಂತಿಲ್ಲ. ಎದುರು ಪಕ್ಷದವರ ಬಳಿಗೆ ಹೋಗಿ, ಕೇಳಿ, ಅವರ ಮಾತನ್ನು ಇಲ್ಲಿ ಬಂದು ಆಡಬೇಕು.

ಐವಿಂಡ್‌ ಬಂದ ದಿನ ಮೊದಲು ಎದ್ದವಳು ರಾವ್ನಾ.

“ನಾನು ವೃದ್ಧರ ಮನೆಗೆ ಹೋಗಿದ್ದೆ,” ಎಂದಳು. “ಅಲ್ಲಿ ರಾತ್ರಿಪಾಳಿಗೆ ಒಬ್ಬರೇ ನರ್ಸು. ನಮ್ಮಜ್ಜಿನೂ ಅಲ್ಲೇ ಇರೋದು. ಗಾಳಿಯಂತ್ರದ ತೆರಿಗೆ ದುಡ್ಡು ಊರಿಗೆ ಬಂದ್ರೆ ಇನ್ನೊಬ್ಬರನ್ನ ಇಟ್ಕೋಬಹುದಂತೆ. ಹೀಗನ್ನೋಕೆ ನಂಗೆ ಸಿಟ್ಟು ಬರುತ್ತೆ. ಆದ್ರೂ ಅದು ನಿಜ.”

ಆಮೇಲೆ ಟೂವಾ. ಕತ್ತು ಕೆಂಪಾಗಿತ್ತು. “ಬಸುರಿ ಸಾರಂಗ ಸದ್ದಿರೋ ಕಡೆ ಹೋಗಲ್ಲ. ಬೇರೆ ಕಡೆ ಹೋದ್ರೆ ಅಲ್ಲಿ ಕಡಿದಾದ ಬಂಡೆ, ಮರಿ ಉಳಿಯಲ್ಲ. ನಮ್ಮನೇಲಿ ನಾವು ಯಂತ್ರದ ಕೆಳಗೂ ಹುಲ್ಲು ಬೆಳೆಯತ್ತಲ್ಲ ಅಂತೀವಿ. ಹುಲ್ಲಿನ ಪ್ರಶ್ನೆನೇ ಅಲ್ಲ ಅದು.”

“ಕಿವಿಗೆ ಹತ್ತಿ ಇಟ್ರಾಯ್ತು ಬಿಡು,” ಎಂದು ಹಿಂದಿನಿಂದ ಒಬ್ಬ ಕೂಗಿದ.

“ನಿನ್ನ ಬಾಯಿಗೂ ಸ್ವಲ್ಪ ಇಟ್ಕೋ,” ಎಂದಳು ರಾವ್ನಾ. ಟೂವಾ ಕಿಸಕ್ಕನೆ ನಕ್ಕಳು. ಎರಡು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಬೋರ್ಡಿನ ಮೇಲೆ ಗೆರೆ ಎಳೆಯುವುದನ್ನೇ ಗುನ್ವೋರ್‌ ಮರೆತಿದ್ದಳು.

ಅವಳಿಗೆ ನಿಜವಾದ ಪರೀಕ್ಷೆ ಇದ್ದದ್ದು ಭಾನುವಾರ. ಓಡ್‌ಗೈರ್‌ನ ಮನೆಯಲ್ಲಿ ಬೇಯಿಸಿದ ಮೀನು, ಆಲೂಗಡ್ಡೆ, ಕ್ಯಾರೆಟ್ಟು. ಟೂವಾ ತಟ್ಟೆಗೆ ಬೆಣ್ಣೆ ಹಾಕಿಕೊಳ್ಳುತ್ತಲೇ ಅಪ್ಪನನ್ನು ಕೇಳಲು ಶುರುವಿಟ್ಟಳು. ಮರಿ ಹಾಕೋ ಕಾಲದಲ್ಲಾದರೂ ಯಂತ್ರ ನಿಲ್ಲಿಸ್ತಾರಾ? ಕಾಗದದಲ್ಲಿ ಹಾಗೆ ಬರೆದಿದೆಯಾ? ನೀನು ಕೇಳಿದ್ಯಾ?

ಓಡ್‌ಗೈರ್‌ ಫೋರ್ಕು ಕೆಳಗಿಟ್ಟ. ಮಗಳನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ.

“ಇದೆಲ್ಲ ಹೇಳಿಕೊಟ್ಟಿದ್ದು ನೀನಾ, ಟೀಚರಮ್ಮ?”

“ಅತ್ತೆ ಏನೂ ಹೇಳಲ್ಲಪ್ಪ,” ಎಂದಳು ಟೂವಾ. “ಅತ್ತೆ ಯಾವತ್ತೂ ಏನೂ ಹೇಳಲ್ಲ.”

“ಹಾಗಾದ್ರೆ ಇವತ್ತು ಹೇಳಲಿ. ಹೇಳು, ನಾನು ಮಾಡಿದ್ದು ಸರಿಯಾ, ತಪ್ಪಾ?”

ಗುನ್ವೋರಳ ನಾಲಿಗೆಯ ತುದಿಗೆ, ಎರಡೂ ಕಡೆ ನ್ಯಾಯವಿದೆ ಎಂಬ ಹಳೆಯ ಉತ್ತರವೇ ಬಂತು. ಅದನ್ನು ನುಂಗಿಕೊಂಡಳು. “ತಪ್ಪು,” ಎಂದಳು. “ನೀನು ಆ ಸಹಿ ಹಾಕಬಾರದಿತ್ತು.”

ಗೋಡೆಯ ಕಡೆಗೆ ಕುರ್ಚಿ ದೂಡಿ ಅವನು ಎದ್ದೇಬಿಡುತ್ತಾನೆ ಎಂದುಕೊಂಡಳು. ಅವನು ಏಳಲಿಲ್ಲ. ಸಿಟ್ಟೂ ಮಾಡಲಿಲ್ಲ.

“ಇದನ್ನ ಅವತ್ತು ಯಾಕೆ ಹೇಳಲಿಲ್ಲ?” ಎಂದ. “ಸಹಿ ಹಾಕೋಕೆ ಮುಂಚೆ ಕಾಗದ ಹಿಡ್ಕೊಂಡು ನಿನ್ನ ಮನೆಗೇ ಬಂದಿದ್ದೆ. ನಂಗೂ ಯಾಕೋ ಮನಸ್ಸಿರಲಿಲ್ಲ. ಯಾರಾದ್ರೂ ಒಬ್ಬರು ಬೇಡ ಅಂದಿದ್ರೆ ಸಾಕಿತ್ತು, ಹರಿದುಹಾಕ್ತಿದ್ದೆ. ನೀನು ಕಾಫಿ ಕೊಟ್ಟೆ. ಲಾಭ ಇಷ್ಟು, ನಷ್ಟ ಇಷ್ಟು ಅಂತ ಪಾಠ ಒಪ್ಪಿಸಿದೆ. ಬಾಗಿಲ ತನಕ ಬಂದು, ಯೋಚನೆ ಮಾಡಿ ನೋಡು ಅಂದೆ.”

ಅವಳಿಗೆ ಆ ಸಂಜೆ ನೆನಪಾಯಿತು. ಅಂದು ತಾನು ಬಹಳ ಚೆನ್ನಾಗಿ ನಡೆದುಕೊಂಡೆ ಎಂದು ಅವಳು ಎರಡು ವರ್ಷ ನಂಬಿದ್ದಳು. ಟೂವಾ ಆಲೂಗಡ್ಡೆಯ ಪಾತ್ರೆಯನ್ನು ಅತ್ತೆಯ ಕಡೆ ಸರಿಸಿದಳು. ಗುನ್ವೋರ್‌ ಒಂದನ್ನು ತೆಗೆದುಕೊಂಡು ಸಿಪ್ಪೆ ಬಿಡಿಸತೊಡಗಿದಳು.

ಬೇಸಿಗೆಗೆ ಮುಂಚೆ ಕೋರ್ಸು ಮುಗಿಯಿತು, ಒಳ್ಳೆಯ ಅಂಕವೂ ಬಂತು. ಶೆಟಿಲ್‌ ಕಾಫಿ ಕೋಣೆಯಲ್ಲಿ ಕೇಕು ಕತ್ತರಿಸಿದ. ಯಂತ್ರದ ರೆಕ್ಕೆಗಳು ಜುಲೈಯಲ್ಲಿ ಹಡಗಿನ ಮೇಲೆ ಬಂದವು. ಊರಿಗೆ ಊರೇ ದಡದಲ್ಲಿ ನಿಂತು ನೋಡಿತು. ಓಡ್‌ಗೈರ್‌ ನೋಡಲು ಬರಲಿಲ್ಲ.

ಮುಚ್ಚೀತೆಂದು ಗುನ್ವೋರ್‌ ಹೆದರಿದ್ದ ಆ ಬಾಗಿಲು ಮುಚ್ಚಲೇ ಇಲ್ಲ. ಆ ಭಾನುವಾರದ ಮುಂದಿನ ಭಾನುವಾರವೇ ತಮ್ಮ ಎಂದಿನಂತೆ ಫೋನು ಮಾಡಿ, “ಮೀನು ಒಲೆ ಮೇಲಿದೆ, ಬಾ,” ಎಂದಿದ್ದ.