ಅಜ್ಜಿಯ ಎಲೆಗೆ ಏನು ಬಡಿಸುವುದು

ನಮ್ಮೂರು ಕೆರಗೋಡಿನ ಆಚೆ. ಮಂಡ್ಯದಿಂದ ಬಸ್ಸಿದೆ, ಒಮ್ಮೊಮ್ಮೆ ಬರುವುದೂ ಉಂಟು. ಹೋದ ವರ್ಷ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ವಯಸ್ಸಾಗಿತ್ತು, ಹೇಳಿಕೊಳ್ಳುವಂಥ ಕಾಯಿಲೆ ಇರಲಿಲ್ಲ. ಬೆಳಗಿನ ಕಾಫಿ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಿ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ನಾನು ಮಂಡ್ಯದ ಪತ್ರಿಕೆಯೊಂದರಲ್ಲಿ ಕೆಲಸ ಮಾಡುವುದರಿಂದ ನಿಧನ ವಾರ್ತೆಯನ್ನು ನಾನೇ ಬರೆದೆ. ಅಂಥ ವಾರ್ತೆಗಳ ಕೊನೆಯಲ್ಲಿ ‘ಅಪಾರ ಬಂಧುಬಳಗವನ್ನು ಅಗಲಿದ್ದಾರೆ’ ಎಂದು ಎಲ್ಲರಿಗೂ ಹಾಕುತ್ತೇವೆ. ಅಜ್ಜಿಯ ವಿಷಯದಲ್ಲಿ ಅದು ನಿಜವೂ ಆಗಿತ್ತು.

ಅದಕ್ಕೆ ಕಾರಣ ಉಪ್ಪು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾಗಲಿ, ಬೀಗರ ಊಟವಾಗಲಿ, ಗೃಹಪ್ರವೇಶವಾಗಲಿ, ಸಾರು ಒಲೆಯಿಂದ ಇಳಿಯುವ ಮೊದಲು ಅಜ್ಜಿಗೆ ಹೇಳಿಕಳಿಸುತ್ತಿದ್ದರು. ಅವರು ಹೋಗಿ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುತ್ತಿದ್ದರು. ತೀರ್ಪು ಎರಡೇ ಬಗೆ. ಒಂದು, “ಉಪ್ ಸಾಲ್ದು.” ಇನ್ನೊಂದು, “ಇಕ್ರಿ.” ಅವರು ‘ಚೆನ್ನಾಗಿದೆ’ ಎಂದದ್ದನ್ನು ಕೇಳಿದವರು ಯಾರೂ ಇಲ್ಲ.

ಒಮ್ಮೆ ಮಂಡ್ಯದಿಂದ ಬಂದಿದ್ದ ಅಡುಗೆ ಕಂಟ್ರಾಕ್ಟರನೊಬ್ಬ ಸೌಟು ಕೊಡಲು ಹಿಂದೆಮುಂದೆ ನೋಡಿದ.

“ನಾನು ದೊಡ್ ದೊಡ್ ಛತ್ರದಲ್ಲಿ ಮಾಡಿವ್ನಿ ಕಣಮ್ಮ” ಅಂದ.

“ಮಾಡಿರ್ತೀಯ ಕಣಪ್ಪ. ಅಲ್ಲೂ ಉಪ್ ಸಾಲ್ದೇನೇ ಉಂಡಿರ್ತಾರೆ” ಅಂದರು ಅಜ್ಜಿ.

ಆತ ಉಪ್ಪು ಹಾಕಿದ.

ಹೀಗೆ ಊರಿನ ಊಟವನ್ನೆಲ್ಲ ರುಚಿ ನೋಡಿದವರು ಆ ಪಂಕ್ತಿಗಳಲ್ಲಿ ಕೂತು ಉಂಡದ್ದು ಕಡಿಮೆ. ಕೆಲಸ ಮುಗಿದ ಕೂಡಲೇ ಮನೆಗೆ ಬಂದು ಅಮ್ಮ ಮಾಡಿಟ್ಟಿದ್ದ ಮುದ್ದೆಯನ್ನು, ಇದ್ದ ಸಾರಿನಲ್ಲಿ, ಮಾತಿಲ್ಲದೆ ಉಣ್ಣುತ್ತಿದ್ದರು. ಅವರಿಗೆ ಏನು ಇಷ್ಟ ಎಂದು ಕೇಳುವ ಸಂದರ್ಭ ಯಾರಿಗೂ ಬಂದಿರಲಿಲ್ಲ. ಪಿತೃಪಕ್ಷ ಹತ್ತಿರವಾದಾಗ ಬಂತು.

ಸತ್ತ ಹಿರಿಯರಿಗೆ ಪಕ್ಷದ ದಿನ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಹೊಸ ಬಟ್ಟೆಯ ಮುಂದೆ ಬಾಳೆ ಎಲೆ ಹಾಸಿ, ಬದುಕಿದ್ದಾಗ ಅವರಿಗೆ ಯಾವುದು ಇಷ್ಟವೋ ಅದನ್ನು ಬಡಿಸುತ್ತೇವೆ. ಆಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ತಾತನ ಎಲೆಯ ಬಗ್ಗೆ ಎಂದೂ ಗೊಂದಲವಾಗಿಲ್ಲ: ನಾಟಿ ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬ್ರಾಂದಿ. ಅಜ್ಜಿಗೆ ಇದು ಮೊದಲ ಪಕ್ಷ.

“ನಿಮ್ಮಜ್ಜಿಗೆ ಏನ್ಲಾ ಇಷ್ಟ?” ಎಂದು ಅಮ್ಮ ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದೆವು.

“ಅವ್ವ ಏನ್ ಇಕ್ಕಿದ್ರೂ ಉಣ್ತಿತ್ತು” ಅಂದರು ಅಪ್ಪ.

“ಅದೇಯ ಈಗ ತೊಂದ್ರೆ” ಅಂದರು ಅಮ್ಮ.

ಅಪ್ಪನ ತಂಗಿ, ನನ್ನ ಅತ್ತೆ, ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿದ್ದಾರೆ. ಅವರ ಯಜಮಾನರು ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದು ನಿವೃತ್ತರಾದವರು. ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅತ್ತೆ ತಡವಿಲ್ಲದೆ “ಒಬ್ಬಟ್ಟು” ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ.

“ಅಲ್ಲ ಕಣ್ಲಾ, ನಿಮ್ಮವ್ವ ಇಷ್ಟ್ ವರ್ಸ ಉಣ್ಣಕ್ ಇಕ್ಕಿ, ನಮ್ಮವ್ವುಂಗೆ ಏನ್ ಇಷ್ಟ ಅಂತ ಗೊತ್ತಿಲ್ವಂತಾ? ಎಡೆ ನೋಡಕ್ ಬಂದೋರ್ ಮುಂದೆ ಏನಂತ ಏಳ್ತಾರೆ?”

ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಬಿಡಿಸುವುದನ್ನು ನಿಲ್ಲಿಸಲಿಲ್ಲ. ಫೋನ್ ಇಟ್ಟ ಮೇಲೆ, “ಒಬ್ಬಟ್ಟನ್ನ ಅವ್ರು ಮುರ್ದು ನಿಮ್ಗೇ ಕೊಡ್ತಿದ್ರು. ಅದು ಇಷ್ಟ ಅಲ್ಲ” ಎಂದಷ್ಟೇ ಅಂದರು. ಆದರೆ ಅಂದಿನಿಂದ ಆ ಎಲೆ ಅವರ ತಲೆಯಲ್ಲಿ ಕೂತಿತು. ಅತ್ತೆಯ ಮಾತನ್ನು ನಾಳೆ ಊರೇ ಆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಜೊತೆಗೆ, ಅತ್ತೆಯ ಮಾತು ಸುಳ್ಳೂ ಆಗಿರಲಿಲ್ಲ.

ನಾನು ಊರಿನಲ್ಲಿ ವಿಚಾರಿಸಿದೆ. ಒಬ್ಬರು ಅವರೆಕಾಳು ಸಾರು ಅಂದರು, ಒಬ್ಬರು ಕಜ್ಜಾಯ ಅಂದರು, ಒಬ್ಬರು ತಲೆಕಾಲು ಸಾರು ಅಂದರು. ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು, ಎಲ್ಲರೂ ತಾವು ಚೆನ್ನಾಗಿ ಮಾಡುವುದನ್ನೇ ಹೇಳುತ್ತಿದ್ದರು.

ಉಳಿದಿದ್ದವರು ಅಜ್ಜಿಯ ತಂಗಿ. ಮದ್ದೂರು ತಾಲೂಕಿನ ಸೋಮನಹಳ್ಳಿಯವರು. ಅದೇ ಅಜ್ಜಿಯ ತವರು; ಚಿಕ್ಕಜ್ಜಿಯನ್ನು ಊರೊಳಗೇ ಕೊಟ್ಟಿದ್ದರಿಂದ ಅವರು ಅಲ್ಲೇ ಉಳಿದರು. ನಾನು ಹೋದಾಗ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಹೆದ್ದಾರಿಯ ಸದ್ದಿಗೆ ಎಲ್ಲವನ್ನೂ ಎರಡು ಸಲ ಕೇಳಬೇಕಾಯಿತು.

“ಮೀನು” ಅಂದರು.

“ನಮ್ಮನೇಲಿ ಮೀನೇ ತರಲ್ವಲ್ಲಜ್ಜಿ.”

“ನಿಮ್ಮನೇಲಿ ತರಕಿಲ್ಲ ಕಣ್ಲಾ. ನಿಮ್ ತಾತುಂಗೆ ಮೀನ್ ವಾಸ್ನೆ ಆಯ್ತಿರ್ಲಿಲ್ಲ. ಮದ್ವೆಗ್ ಮುಂಚೆ ಇವ್ಳು ಕೆರೆ ಯಾವಾಗ್ ಒಣಗ್ತದೋ ಅಂತ ಕಾಯ್ತಿದ್ಲು. ಲಂಗ ಎತ್ಕಟ್ಕೊಂಡು ಕೆಸ್ರಿಗ್ ಇಳಿಯೋಳು. ಗೆಂಡೆ ಮೀನ್ ಸಾರ್ ಮಾಡಿದ್ರೆ ತಲೆನೂ ಬುಡ್ತಿರ್ಲಿಲ್ಲ.”

“ಮದ್ವೆ ಆದ್ಮೇಲೆ?”

“ಆದ್ಮೇಲೇನು, ಬುಟ್ಲು.”

“ಇಲ್ಲಿಗ್ ಬಂದಾಗ್ಲಾದ್ರೂ ತಿಂತಿದ್ರಾ?”

“ಎಲ್ಲಿ ತಿಂದಾಳು. ಬಾಯ್ ವಾಸ್ನೆ ಒತ್ಕೊಂಡು ಮನೇಗ್ ಎಂಗೆ ಓಗ್ಲಿ ಅನ್ನೋಳು. ನಿಮ್ ತಾತ ಸತ್ಮೇಲೆ ನಾನೇ ಅಂದೆ, ಇನ್ಯಾಕೆ, ತಿನ್ನು ಅಂತ. ‘ಸೊಸೆಗೆ ಮಾಡಕ್ ಬರಕಿಲ್ಲ. ಈಗ್ ಯಾಕ್ ಆ ಮಗೀಗ್ ಒಂದ್ ಕೆಲ್ಸ, ಬುಡು’ ಅಂದ್ಲು.”

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಕೊನೆಯ ಮಾತನ್ನೂ ಬಿಡಲಿಲ್ಲ. ಅರ್ಧ ಹೇಳುವುದು ನಮ್ಮ ಕೆಲಸದಲ್ಲಿ ರೂಢಿಯಲ್ಲ. ಒಂದೇ ಮೂಲದ ಸುದ್ದಿ, ಇನ್ನೊಬ್ಬರಿಂದ ಖಾತ್ರಿಯಾಗಿಲ್ಲ ಎಂದೂ ಸೇರಿಸಿದೆ. ಅಮ್ಮ ಎದ್ದು ಹೋಗಿ, ಆಗಲೇ ತೊಳೆದಿದ್ದ ಅಕ್ಕಿಯನ್ನು ಮತ್ತೊಮ್ಮೆ ತೊಳೆದರು. ವಾಪಸ್ ಬಂದು, “ಮೀನ್ ತಂದ್ಬುಡು” ಅಂದರು.

ಪಕ್ಷದ ದಿನ ಮಂಡ್ಯದ ಮಾರುಕಟ್ಟೆಯಿಂದ ಮೀನು ತಂದೆ. ಅಡುಗೆಮನೆಗೆ ಮೀನು ಹೋದ ದಾಖಲೆ ಇಲ್ಲದ್ದರಿಂದ ಅಮ್ಮ ಹಿತ್ತಲಿನಲ್ಲಿ ಕಲ್ಲು ಹೂಡಿ, ಹೊಸ ಮಡಕೆ ಇಟ್ಟರು. ಸೋಮನಹಳ್ಳಿಯಿಂದ ಚಿಕ್ಕಜ್ಜಿ ಫೋನಿನಲ್ಲಿ ಹೇಳುತ್ತಾ ಹೋದರು, ಅಮ್ಮ ಮಾಡುತ್ತಾ ಹೋದರು. ಎಡೆಗೆ ಇಡುವ ಅಡುಗೆಯನ್ನು ಮೊದಲೇ ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಅದು ಮೀನು ಸಾರೇ ಹೌದೇ ಎಂಬುದಕ್ಕೂ ಚಿಕ್ಕಜ್ಜಿಯ ಮಾತೇ ಆಧಾರ.

ಮಧ್ಯಾಹ್ನ ಅತ್ತೆ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದರು. ಹೊಸಿಲು ದಾಟುತ್ತಿದ್ದ ಹಾಗೇ ನಿಂತರು.

“ಏನತ್ಗೆ ಇದು, ಮೀನು?”

“ಊಂ ಕಣವ್ವ. ಅತ್ತೆಗೆ ಇಷ್ಟ ಅಂತೆ.”

“ಯಾರ್ ಏಳಿದ್ದು?”

“ಸೋಮನಹಳ್ಳಿ ಚಿಕ್ಕತ್ತೆ.”

ಎರಡು ಎಲೆಗಳೂ ಅಕ್ಕಪಕ್ಕದಲ್ಲಿದ್ದವು. ತಾತನ ಎಲೆಯ ಪಕ್ಕದಲ್ಲಿ ಬ್ರಾಂದಿ, ಬೀಡಿ. ನೋಡಲು ಬಂದಿದ್ದ ಬೀದಿಯ ಹೆಂಗಸರು ಗೋಡೆಗೆ ಒತ್ತಿಕೊಂಡು ನಿಂತರು.

“ಅಪ್ಪುಂಗೆ ಮೀನ್ ವಾಸ್ನೆ ಆಗಕಿಲ್ಲ ಅಂತ ಗೊತ್ತಿಲ್ವಾ ನಿಮ್ಗೆ? ಎಲೆ ಮುಂದಿಂದ ಎದ್ದೋಯ್ತಾರೆ” ಅಂದರು ಅತ್ತೆ.

ಅಮ್ಮ ಬಗ್ಗಿ ಅಜ್ಜಿಯ ಎಲೆಗೆ ಮೀನಿನ ತಲೆ ಬಡಿಸುತ್ತಿದ್ದರು. ಬಡಿಸಿ ಮುಗಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದರು.

“ಎದ್ದೋಗ್ಲಿ ಬುಡವ್ವ. ಆ ಬಾಟ್ಲಿ ವಾಸ್ನೆ ಪಕ್ಕದಲ್ಲಿ ಇವ್ರು ಅಷ್ಟ್ ವರ್ಸ ಕೂತಿರ್ಲಿಲ್ವಾ? ಅವ್ರು ಒಂದಿನ ಕೂರ್ಲಿ.”

ಗೋಡೆಯ ಕಡೆಯಿಂದ ಒಬ್ಬರು ಕೆಮ್ಮಿದರು. ಅಪ್ಪ ಕರ್ಪೂರ ಹಚ್ಚಿದರು. ಎಲ್ಲರೂ ಹೊರಗೆ ಬಂದೆವು, ಬಾಗಿಲು ಹಾಕಿದ್ದಾಯಿತು.

ಜಗುಲಿಯಲ್ಲಿ ಅತ್ತೆ ಅಮ್ಮನಿಂದ ದೂರ ಕೂತರು. ಬೇರೆಯವರು ಕಬ್ಬಿನ ಮಾತು, ನಾಲೆಯ ನೀರಿನ ಮಾತು ಆಡಿ ಮುಗಿಸಿದರು. ಆಮೇಲೆ ಯಾರೂ ಕೇಳದೆ ಅತ್ತೆ ಶುರುಮಾಡಿದರು.

“ನಮ್ಮನೇಲಿ ಮೀನ್ ಇಲ್ದಿರೋ ವಾರ ಇಲ್ಲ. ಒಳೆ ಪಕ್ಕದಲ್ಲೇ ಅದೆ. ಅವ್ವ ಬತ್ತದೆ ಅಂದ್ರೆ ಮುಂಚಿನ್ ದಿನ್ವೇ ಪಾತ್ರೆನೆಲ್ಲಾ ಬೂದಿ ಆಕಿ ತಿಕ್ತಿದ್ದೆ. ಅದು ಇರೋಗಂಟ ಮೀನ್ ತರ್ಬೇಡಿ ಅಂತ ನಮ್ಮನೇವ್ರಿಗೂ ಏಳ್ತಿದ್ದೆ. ಅವ್ವುಂಗೂ ವಾಸ್ನೆ ಆಗಕಿಲ್ವಲ್ಲ ಅಂತ.”

ಅಪ್ಪ ಏನೋ ಹೇಳಲು ಹೋದರು. ಅತ್ತೆ ನಿಲ್ಲಿಸಲಿಲ್ಲ.

“ಒಂದ್ಸಲ ಜಲಪಾತ ನೋಡಕ್ ಕರ್ಕೊಂಡೋಗಿದ್ದೆ. ಅಲ್ಲಿ ಮೀನ್ ಕರೀತಾರಲ್ಲ, ಅಲ್ಲೇ ನಿಂತ್ಕೊತು. ‘ಇದ್ನ ಎಂಗ್ ಸೀಳ್ತೀಯವ್ವ’ ಅಂತ ಮಾರೋಳ್ನ ಕೇಳ್ತಾ ನಿಂತ್ಕೊತು. ಎಲ್ಲಿ ತಲೆ ತಿರ್ಗಿ ಬೀಳ್ತದೋ ಅಂತ ನಾನೇ ಕೈ ಇಡ್ದು ಎಳ್ಕೊಂಡ್ ಬಂದೆ.”

ತನ್ನ ವಿರುದ್ಧ ತಾನೇ ಹೇಳುವವರ ಮಾತನ್ನು ಸುದ್ದಿಮನೆಯಲ್ಲಿ ಹೆಚ್ಚು ನಂಬುತ್ತೇವೆ. ಸುದ್ದಿ ಖಾತ್ರಿಯಾಯಿತು. ಬೀದಿಯ ಹೆಂಗಸರು ಅಮ್ಮನ ಮುಖ ನೋಡಿದರು. ಅತ್ತೆ ಫೋನಿನಲ್ಲಿ ಆಡಿದ್ದ ಮಾತನ್ನು ವಾಪಸ್ ಕೊಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

“ಬಾಗ್ಲು ತೆಗೀರಿ. ಸಾರು ಆರೋಯ್ತದೆ” ಅಂದರು ಅಮ್ಮ.

ಎಲೆಗಳು ಇಟ್ಟ ಹಾಗೇ ಇದ್ದವು. ತಾತ ಎದ್ದು ಹೋದರೋ, ಕೂತಿದ್ದರೋ ಹೇಳಲು ಆಗುವುದಿಲ್ಲ. ಕಾಗೆಗೆ ಹಾಕಿ ಬಂದ ಮೇಲೆ ಎಡೆಯನ್ನು ಮೊದಲು ಸತ್ತವರ ಮಕ್ಕಳಿಗೆ ಕೊಡಬೇಕು. ಅಪ್ಪ ಶಾಸ್ತ್ರಕ್ಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅತ್ತೆ ಅಜ್ಜಿಯ ಎಲೆಯ ಮುಂದೆ ಕೂತರು. ಅಮ್ಮ ಎದುರಿಗೆ ಕೂತು ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟರು.

“ಮುಳ್ಳವೆ, ನೋಡ್ಕೊಂಡ್ ತಿನ್ನವ್ವ.”

ಕಾವೇರಿ ದಂಡೆಯಲ್ಲಿ ಸಂಸಾರ ಮಾಡಿದವರಿಗೆ ಆ ಎಚ್ಚರಿಕೆ ಬೇಕಿರಲಿಲ್ಲ. ಅತ್ತೆ “ಊಂ” ಅಂದರು. ಮೀನಿನ ತಲೆಯನ್ನು ಬಿಡಿಸಿ, ನಿಧಾನವಾಗಿ, ಏನೂ ಉಳಿಸದೆ ತಿಂದರು. ನಡುವೆ ಒಮ್ಮೆ ಸೆರಗಿನಿಂದ ಮುಖ ಒರೆಸಿಕೊಂಡರು. ಖಾರವೂ ಇತ್ತು.

“ಉಣಸೆಹಣ್ಣು ಜಾಸ್ತಿ ಆಗದೆ ಅತ್ಗೆ” ಅಂದರು. “ಮುಂದಿನ್ ವರ್ಸ ನಾನೇ ಬಂದು ಮಾಡ್ತೀನಿ.”

“ಮಾಡು. ಮೀನೂ ಅಲ್ಲಿಂದ್ಲೇ ತಕಂಬಾ” ಅಂದರು ಅಮ್ಮ. “ಇಲ್ಲಿ ಐಸ್‌ನಲ್ ಇಟ್ಟಿರೋದೇ ಸಿಕ್ಕೋದು.”